ಗಾಣ ಗಟ್ಟಿ, ಮಾತು ಸಡಿಲ: ಮಂಡ್ಯ ಕಡೆಯ ಒಂದು ಕ್ರಷರ್ ಮಳಿಗೆ

ಆಲೆಮನೆಗಳಿಗೆ ಕಬ್ಬು ಅರೆಯುವ ಮೂರು ರೋಲರಿನ ಗಾಣ ತಯಾರಿಸಿ ಮಾರುವ ಮಳಿಗೆ ಇದು. ಹೆಸರು ಬೇಡ, ಕೆಳಗಿನದರಲ್ಲಿ ಮುಕ್ಕಾಲು ಪಾಲು ಅಕ್ಕಪಕ್ಕದ ಮಳಿಗೆಗಳಿಗೂ ಸಲ್ಲುವ ಮಾತು. ಗಾಣಕ್ಕೆ ಐದರಲ್ಲಿ ನಾಲ್ಕು ಅಂಕ. ಆರ್ಡರ್ ಹಿಡಿಯಲು ಆಡುವ ಮಾತಿಗೆ ಒಂದು, ಅದೂ ಧಾರಾಳವಾಗಿ.

ಯಂತ್ರದ ಮಟ್ಟಿಗೆ ದೂರು ಕಡಿಮೆ. ಫ್ರೇಮ್ ಭಾರವಾಗಿದೆ, ಓಡುವಾಗ ನಡುಗುವುದಿಲ್ಲ. ರೋಲರ್ ಗೀರುಗಳು ಸಮನಾಗಿವೆ, ಗನ್‌ಮೆಟಲ್ ಬುಷ್‌ಗಳಿಗೆ ಗ್ರೀಸ್ ಸಲೀಸಾಗಿ ಹೋಗುತ್ತದೆ. ಹಾಲು, ಅಂದರೆ ಕಬ್ಬಿನ ರಸ, ಬೀಳುವ ತಟ್ಟೆಯ ಬೆಸುಗೆ ಮೂಲೆಯಲ್ಲಿ ಜಿನುಗುತ್ತದೆ. ಗೇರಿನ ಮುಚ್ಚಳದ ತಗಡು ತೀರಾ ತೆಳು. ಪಂಚೆ, ಟವೆಲ್ ಉಟ್ಟು ಕಬ್ಬು ಕೊಡುವವರಿರುವ ಜಾಗದಲ್ಲಿ ಇದು ಸಣ್ಣ ಕೊರತೆಯಲ್ಲ, ದಪ್ಪ ತಗಡಿನದು ಹಾಕಿಸಿಕೊಳ್ಳಿ.

ಇನ್ನು ಮಾತು. 'ಟನ್ಗೆ ಏಳ್ನೂರ್ ಕೆಜಿ ಹಾಲು ಗ್ಯಾರಂಟಿ ಕಣಣ್ಣ, ಕಣ್ಮುಚ್ಕಂಡು ತಗಳಿ' ಎನ್ನುತ್ತಾರೆ. ಒಂದೇ ಸಲ ಹಿಂಡುವ ಮೂರು ರೋಲರಿನ ಗಾಣದಲ್ಲಿ ಸಾಮಾನ್ಯವಾಗಿ ಶೇ 55ರಿಂದ 65 ಹಾಲು ಬರುತ್ತದೆ. ಇದೇ ಗಾಣಕ್ಕೆ ಹಿಂದಿನ ದಿನ ಕಡಿದ 100 ಕೆಜಿ ಕಬ್ಬು ಕೊಟ್ಟಾಗ ಬಂದದ್ದು 61 ಕೆಜಿ. ಅದು ಒಳ್ಳೆಯ ಇಳುವರಿಯೇ, ಹೇಳಿದ್ದಕ್ಕೆ ಮಾತ್ರ 9 ಕೆಜಿ ಕಡಿಮೆ. ಟನ್ನಿಗೆ 90 ಕೆಜಿ ಹಾಲು ಎಂದರೆ ಹೆಚ್ಚುಕಡಿಮೆ 15 ಕೆಜಿ ಬೆಲ್ಲ. ದಿನಕ್ಕೆ 8 ಟನ್ ಅರೆಯುವ ಆಲೆಮನೆಗೆ 120 ಕೆಜಿ. ಸಾಲದ ಕಂತನ್ನು ಈ ಲೆಕ್ಕದ ಮೇಲೆ ಕೂರಿಸಿದವರಿಗೆ ಮೊದಲ ಸೀಸನ್ನಿನಲ್ಲೇ ಉಸಿರು ಕಟ್ಟುತ್ತದೆ.

ಮಳಿಗೆಯಲ್ಲಿ ತೋರಿಸುವಾಗ 70 ಹೇಗೆ ಬರುತ್ತದೆ? ರೋಲರ್ ಬಿಗಿ ಮಾಡಿ ನಿಧಾನವಾಗಿ ಒಂದೆರಡೇ ಜಲ್ಲೆ ಕೊಡುತ್ತಾರೆ. ಸಿಪ್ಪೆಯನ್ನು 'ಉಳಿದದ್ದೂ ಬರಲಿ' ಎಂದು ಇನ್ನೊಂದು ಸಲ ತೂರಿಸುತ್ತಾರೆ. ರೋಲರಿಗೆ ನೀರು ಚಿಮುಕಿಸುವುದೂ ಉಂಟು. ಆದ್ದರಿಂದ ನಿಮ್ಮ ಗದ್ದೆಯ ಕಬ್ಬನ್ನೇ ಒಯ್ಯಿರಿ. ಸಿಒ 62175 ತಳಿ ಬೆಳೆಯುವವರು ಅದನ್ನೇ ಒಯ್ಯಬೇಕು, ತಳಿ ಬದಲಾದರೆ ನಾರೂ ಬದಲು, ಲೆಕ್ಕವೂ ಬದಲು. 100 ಕೆಜಿ ತೂಗಿ, ನಿಮ್ಮ ಆಳು ಆಲೆಮನೆಯಲ್ಲಿ ಕೊಡುವ ವೇಗದಲ್ಲೇ ಕೊಡಲಿ. ಹಾಲನ್ನೂ ಸಿಪ್ಪೆಯನ್ನೂ ಬೇರೆ ಬೇರೆ ತೂಗಿ. ಎರಡೂ ಸೇರಿ 100ಕ್ಕೆ ಸ್ವಲ್ಪ ಕಡಿಮೆ ಬರಬೇಕು. 100 ದಾಟಿದರೆ ಎಲ್ಲೋ ನೀರು ಸೇರಿದೆ. ಗಂಟೆಗೆ ಎಷ್ಟು ಟನ್ ಎಂಬುದನ್ನು ಹತ್ತು ನಿಮಿಷ ಓಡಿಸಿ ಆರರಿಂದ ಗುಣಿಸಿ ಹೇಳುತ್ತಾರೆ, ಅದನ್ನು ಒಪ್ಪಬೇಡಿ. ಕಟ್ಟು ಬಿಚ್ಚುವುದು, ಸಿಪ್ಪೆ ಎಳೆಯುವುದು ಸೇರಿ ಪೂರ್ತಿ ಒಂದು ಗಂಟೆ ಓಡಲಿ.

ಮೋಟರಿನ ವಿಷಯದಲ್ಲಿ ಸುಳ್ಳಿಗಿಂತ ಮೌನ ಜಾಸ್ತಿ. '10 ಎಚ್‌ಪಿ ಸಾಕು' ಎಂದರು. ಲೋಡಿನ ಮೇಲೆ ಕ್ಲ್ಯಾಂಪ್ ಮೀಟರ್ ಹಿಡಿದರೆ 17 ಆಂಪ್ಸ್. ಮೂರು ಫೇಸಿನ 10 ಎಚ್‌ಪಿ ಮೋಟರಿಗೆ 14ರ ಆಸುಪಾಸು ಪೂರ್ಣ ಲೋಡು, 17ರಲ್ಲಿ ದಿನವಿಡೀ ಓಡಿಸಿದರೆ ವೈಂಡಿಂಗ್ ಸುಡುವುದು ಖಂಡಿತ. ನಿಜಕ್ಕೂ ಬೇಕಿರುವುದು 15 ಎಚ್‌ಪಿ, ಅಂದರೆ 11 ಕಿಲೋವ್ಯಾಟ್. ಆಗ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಮಂಜೂರಾದ ಲೋಡನ್ನೂ ಏರಿಸಬೇಕು, ಆ ಖರ್ಚು ಕೊಟೇಶನ್ನಿನಲ್ಲಿ ಎಲ್ಲೂ ಇಲ್ಲ. ನೇಮ್ ಪ್ಲೇಟಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ತಂತಿ ಮರುಸುತ್ತಿ ಹೊಸ ಬಣ್ಣ ಬಳಿದ ಹಳೆಯ ಮೋಟರ್ ಈ ಮಾರುಕಟ್ಟೆಯಲ್ಲಿ ಅಪರೂಪವೇನಲ್ಲ.

ಸಬ್ಸಿಡಿಯನ್ನೂ ಇವರೇ ಮಂಜೂರು ಮಾಡುವವರಂತೆ ಮಾತಾಡುತ್ತಾರೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತಾದ ಉತ್ಪನ್ನ ಬೆಲ್ಲ. ಸಹಾಯಧನ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಹಣ, ಮಳಿಗೆಯವರ ಕೈಯಲ್ಲಿ ಏನೂ ಇಲ್ಲ. ಅರ್ಜಿ ತುಂಬಿಸಿಕೊಡಬಲ್ಲರು, ಅಷ್ಟೇ. ಸಾಲ ಮಂಜೂರಾಗುವ ಮೊದಲು ಅಡ್ವಾನ್ಸ್ ಕೊಟ್ಟು ಕೂರಬೇಡಿ.

ಈಗ ಕಾಗದ. 1872ರ ಕರಾರು ಕಾಯ್ದೆಯ 17ನೇ ಕಲಂ ಗೊತ್ತಿದ್ದೂ ಮಾಡುವ ವಂಚನೆಯದು, 18ನೇ ಕಲಂ ನಿಜವೆಂದು ನಂಬಿ ಹೇಳಿದ ತಪ್ಪು ಮಾಹಿತಿಯದು. ಎರಡರಲ್ಲೂ 19ನೇ ಕಲಂ ಪ್ರಕಾರ ಕರಾರು ಮುರಿಯಲು ಹಕ್ಕಿದೆ. ಆದರೆ ಎರಡಕ್ಕೂ ಬೆಲೆ ಒಂದೇ ಅಲ್ಲ. ತಪ್ಪು ಮಾಹಿತಿಯ ಪ್ರಕರಣದಲ್ಲಿ, ಸಾಧಾರಣ ಎಚ್ಚರಿಕೆ ವಹಿಸಿದ್ದರೆ ನಿಜ ತಿಳಿಯುವ ದಾರಿ ನಿಮಗಿತ್ತು ಎಂದಾದರೆ ಮುರಿಯುವ ಹಕ್ಕು ಹೋಗುತ್ತದೆ. ಬರೀ ಮೌನದ ವಂಚನೆಗೂ ಹೀಗೆಯೇ. ತೂಗಿ ನೋಡಿ ಎಂದು ಗಾಣ ಮುಂದೆ ಇಟ್ಟಿದ್ದಾಗ ತೂಗದೆ ಬಂದವರ ಕೇಸು ಇಲ್ಲೇ ಸೊರಗುತ್ತದೆ. 'ಜಿಲ್ಲೆಗೇ ನಂಬರ್ ಒನ್ ಗಾಣ' ಎಂಬುದು ಬರೀ ಬಡಾಯಿ, ಅದರ ಮೇಲೆ ದಾವೆ ನಿಲ್ಲುವುದಿಲ್ಲ. 'ಟನ್ನಿಗೆ 700 ಕೆಜಿ' ಎಂಬುದು ಅಳೆಯಬಹುದಾದ ಸಂಗತಿ, ಅದು ನಿಲ್ಲುತ್ತದೆ.

ಈ ಮಳಿಗೆಯ ಕೊಟೇಶನ್ನಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಅಂಕಿಅಂಶ ಸೂಚಕ ಮಾತ್ರ, ಬಾಯಿಮಾತಿಗೆ ಹೊಣೆಯಲ್ಲ' ಎಂದಿದೆ. ಕೌಂಟರಿನಲ್ಲಿ ಗ್ಯಾರಂಟಿ, ಬೆನ್ನಿಗೆ ನಿರಾಕರಣೆ. ಅದಕ್ಕೆ ಉತ್ತರ ಪರ್ಚೇಸ್ ಆರ್ಡರಿನಲ್ಲಿರಬೇಕು. 'ಬೆಲ್ಲ ತಯಾರಿಕೆಗೆ, ಗಂಟೆಗೆ ಇಷ್ಟು ಟನ್, 100 ಕೆಜಿಗೆ ಕನಿಷ್ಠ 60 ಕೆಜಿ ಹಾಲು, ಇಷ್ಟು ಆಂಪ್ಸ್ ಮೀರಬಾರದು, ನಮ್ಮ ಆಲೆಮನೆಯಲ್ಲಿ ಪರೀಕ್ಷೆ ಪಾಸಾದ ಮೇಲೆ ಕೊನೆಯ ಶೇ 20 ಹಣ' ಎಂದು ಬರೆಯಿರಿ. ಬಳಕೆಯ ಉದ್ದೇಶ ಬರೆದರೆ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ನಿಮ್ಮ ಕಡೆ ವಾಲುತ್ತದೆ. ಬ್ರ್ಯಾಂಡ್ ಹೆಸರು ಹಿಡಿದು 'ಇದೇ ಮಾಡೆಲ್ ಕೊಡಿ' ಎಂದು ಮಾತ್ರ ಬರೆದರೆ ಆ ರಕ್ಷಣೆ ಜಾರುತ್ತದೆ. ಟನ್ನಿಗೆ 700 ಎಂದವರು 100 ಕೆಜಿಗೆ 60 ಎಂದು ಬರೆದ ಕಾಗದಕ್ಕೆ ಸಹಿ ಹಾಕಲು ತಡವರಿಸಿದರೆ ಮುಂದಿನ ಮಳಿಗೆಗೆ ನಡೆಯಿರಿ. ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ, ಫೋನನ್ನೂ ಮಾರಬೇಡಿ. 2023ರ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರದ ಜೊತೆ ಅದು ಸಾಕ್ಷಿಯಾಗುತ್ತದೆ.

ಗಾಣ ಬಂದ ಮೇಲೆ ದಿನ ಎಣಿಸಿ. ತಯಾರಕರಿಗೆ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ಉದ್ಯಮ್ ನೋಂದಣಿ ಇದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯಡಿ 15 ದಿನದೊಳಗೆ ಲಿಖಿತ ಆಕ್ಷೇಪ ಹೋಗಬೇಕು. ಹೋಗದಿದ್ದರೆ ಮಾಲು ಬಂದ ದಿನವೇ ಒಪ್ಪಿಕೊಂಡಂತೆ. ಆಮೇಲೆ ಬಾಕಿ ಹಣಕ್ಕೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ನಿಮ್ಮ ತಲೆಗೇ ಬರುತ್ತದೆ. ಫೋನಿನಲ್ಲಿ ಬೈದದ್ದು ಆಕ್ಷೇಪವಲ್ಲ, ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಬೇಕು. ಮೋಸ ಗೊತ್ತಾದ ಮೇಲೂ ಸೀಸನ್ ಮುಗಿಯುವವರೆಗೆ ಅರೆದು ಆಮೇಲೆ 'ವಾಪಸ್ ತಗೊಳ್ಳಿ' ಎಂದರೆ ನಡೆಯದು, ಆಗ ಸಿಕ್ಕರೆ ನಷ್ಟ ಪರಿಹಾರ ಮಾತ್ರ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಆಲೆಮನೆ ನಡೆಸುವವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ದೊಡ್ಡ ವ್ಯಾಪಾರಕ್ಕೆ ಕೊಂಡವರಿಗೆ ಆ ಬಾಗಿಲು ಮುಚ್ಚಿದೆ.

ಬಿಡಿಭಾಗಗಳ ವಿಷಯದಲ್ಲಿ ಮಳಿಗೆ ನಿಜಕ್ಕೂ ಚುರುಕು. ಬುಷ್, ಪಿನಿಯನ್ ಸ್ಟಾಕಿನಲ್ಲೇ ಇರುತ್ತವೆ, ಸವೆದ ರೋಲರಿಗೆ ಮತ್ತೆ ಗೀರು ಹಾಕಿ ಕೊಡುತ್ತಾರೆ. ಆ ಕೆಲಸದ ದರಪಟ್ಟಿಯನ್ನೂ ಆರ್ಡರಿನ ಜೊತೆಗೇ ಕೇಳಿ ಪಡೆಯಿರಿ.