ಹಳೇ ಬಿಲ್ಲು ಕೂಡಿಡುವುದಾದರೆ ರಿಕರ್ವಾ, ಕಾಂಪೌಂಡಾ?

ಸುಮ್ನೆ ನೋಡುವುದಕ್ಕಷ್ಟೇ ಅಲ್ಲ, ಆಗಾಗ ಬಾಣವನ್ನೂ ಬಿಡಬೇಕು ಅಂತಿದ್ದರೆ 1960ರ ದಶಕದ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲೇ ಸರಿ. ಮರ, ಫೈಬರ್‌ಗ್ಲಾಸ್ ಪದರ, ಒಂದು ಹೆದೆ, ಅಷ್ಟೇ. ಕಾಲ ಗುರುತಿಸುವುದೂ ಸುಲಭ. ಅಮೆರಿಕದ ಬೇರ್ ಕಂಪನಿಯ ಬಿಲ್ಲು ಸಿಕ್ಕರೆ ಹಿಡಿಯ ಹತ್ತಿರ ಬೆರಳಾಡಿಸಿ. 1960ರ ದಶಕದವುಗಳಲ್ಲಿ ನಾಣ್ಯದಂಥ ಲೋಹದ ಬಿಲ್ಲೆ ಮರದ ಮಟ್ಟಕ್ಕೇ ಕೂತಿರುತ್ತದೆ. 1970ರ ದಶಕದ ನಡುವಿನವುಗಳಲ್ಲಿ ಉಬ್ಬಿದ ಪ್ಲಾಸ್ಟಿಕ್ ಬಿಲ್ಲೆ. ಎಷ್ಟು ಚಂದದ ಗುರುತು, ಅಲ್ವಾ?

ಕೊಳ್ಳುವ ಮುಂಚೆ ಹೆದೆ ಏರಿಸಿ, ಒಂದು ತುದಿಯಿಂದ ಉದ್ದಕ್ಕೆ ಕಣ್ಣು ಹಾಯಿಸಿ. ಹೆದೆ ನಡುವೆ ಬರದೆ ಪಕ್ಕಕ್ಕೆ ಸರಿದಿದ್ದರೆ ಬಿಲ್ಲಿನ ತೋಳು (ಹಿಡಿಯ ಮೇಲೆ, ಕೆಳಗೆ ಬಾಗುವ ಭಾಗ) ತಿರುಚಿಕೊಂಡಿದೆ. ಪದರ ಬಿಟ್ಟಿದ್ದರೆ ಎಳೆಯಲೇಬೇಡಿ. ಹೆದೆ ಸ್ವಲ್ಪ ಹಿಗ್ಗುವ ಡಾಕ್ರಾನ್ ನೂಲಿನದೇ ಇರಲಿ. ಹಿಗ್ಗದ ಹೊಸ ನೂಲು ಹಳೇ ತುದಿಗಳನ್ನು ಸೀಳಬಹುದು.

ಕಾಂಪೌಂಡ್, ಅಂದರೆ ರಾಟೆ-ಕೇಬಲ್ ಜೋಡಿಸಿದ ಬಿಲ್ಲಿನ ಸೊಗಸೇ ಬೇರೆ. ಹಾಲೆಸ್ ವಿಲ್ಬರ್ ಆಲನ್‌ಗೆ ಇದರ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. 1970ರ ದಶಕದ ಮಾದರಿಗಳಲ್ಲಿ ರಾಟೆ, ಉಕ್ಕಿನ ಕೇಬಲ್ ಎಲ್ಲ ಎದ್ದು ಕಾಣುತ್ತವೆ. ಯಂತ್ರಗಳ ಹುಚ್ಚಿದ್ದವರಿಗೆ ಹಬ್ಬ! ಆದರೆ ಕೇಬಲ್ ಸವೆದರೆ ಬಿಡಿಭಾಗ ಹುಡುಕುವುದು ಕಷ್ಟ. ಎಳೆಯೇ ಬಿಚ್ಚಿಕೊಂಡ ಕೇಬಲ್ ಎಳೆತದಲ್ಲಿ ತುಂಡಾದರೆ ಮುಖಕ್ಕೇ ಅಪಾಯ. ಗೋಡೆಗೆ ತೂಗುಹಾಕಲು ಧಾರಾಳವಾಗಿ ತಗೊಳ್ಳಿ, ಎಳೆಯುವ ಮುಂಚೆ ಮಾತ್ರ ಬಲ್ಲವರಿಗೆ ತೋರಿಸಿ.