ಧರ್ಮಕೇಂದ್ರದ ಯುವಜನರಿಗೆ ವಾಟ್ಸಾಪ್: ಫಲಕವಾಗಿ ಚೆನ್ನ, ಸಂಘವಾಗಿ ಸೊನ್ನೆ

ಕಥೋಲಿಕ ಸಭೆಯ ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) 1963ರಲ್ಲಿ ಸ್ಥಾಪನೆಯಾಯಿತು. ಇವತ್ತು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಅದರೊಳಗಿವೆ. ಅರಸೀಕೆರೆಯ ಬಯಲು ಒಂದು ಕಡೆ, ಕಳಸ, ಮೂಡಿಗೆರೆ, ಸಕಲೇಶಪುರದ ತೋಟಗಳು ಇನ್ನೊಂದು ಕಡೆ. ಯುವಕರಲ್ಲಿ ಕೆಲವರು ಪಿಯುಸಿಗೆಂದು ಪೇಟೆಯ ಹಾಸ್ಟೆಲಿನಲ್ಲಿದ್ದಾರೆ, ಕೆಲವರು ಕೆಲಸಕ್ಕೆ ಬೆಂಗಳೂರು ಸೇರಿದ್ದಾರೆ, ಉಳಿದವರು ತೋಟದ ಕೆಲಸಗಾರರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ. ಇವರನ್ನೆಲ್ಲ ಒಟ್ಟು ಮಾಡಬೇಕು ಅಂದಾಗ ಯಾವ ಧರ್ಮಕೇಂದ್ರವಾದರೂ (ಒಂದು ಚರ್ಚಿಗೆ ಸೇರಿದ ಸಮುದಾಯ) ಮೊದಲು ಮಾಡುವುದು ವಾಟ್ಸಾಪ್ ಗ್ರೂಪ್. ಹಾಗಾಗಿ ಅದನ್ನು ಒಂದು ಸಲಕರಣೆಯಾಗಿಯೇ ತೂಗಿ ನೋಡೋಣ.

ಅಳತೆಗೋಲು ಸಿದ್ಧವಿದೆ. ಪೋಪ್ ಫ್ರಾನ್ಸಿಸ್ ಯುವಜನರ ಕುರಿತ 2019ರ ಪತ್ರ 'ಕ್ರಿಸ್ತುಸ್ ವಿವಿತ್'ನಲ್ಲಿ ಯುವಸೇವೆಗೆ ಎರಡು ಕೆಲಸ ಹೇಳಿದ್ದಾರೆ: ಹೊರಗಿರುವವರನ್ನು ತಲುಪುವುದು, ಬಂದವರನ್ನು ಬೆಳೆಸುವುದು. ಇದರ ಪ್ರಕಾರ ಅಂಕ ಕೊಟ್ಟರೆ, ಈಗಾಗಲೇ ಬರುತ್ತಿರುವವರಿಗೆ ಸೂಚನೆ ಮುಟ್ಟಿಸಲು ವಾಟ್ಸಾಪ್‌ಗೆ 5ಕ್ಕೆ 4. ಹೊಸಬರನ್ನು ಕರೆತರಲು 2. ನಂಬಿಕೆಯಲ್ಲಿ ಬೆಳೆಸಲು ಸೊನ್ನೆ. ಸೊನ್ನೆ ಆ್ಯಪಿನ ತಪ್ಪೇನಲ್ಲ, ಆ ಕೆಲಸವನ್ನು ಅದಕ್ಕೆ ಒಪ್ಪಿಸಿದವರದು.

ಮೊದಲು ರಚನೆ. ಒಂದು ಗ್ರೂಪಿನಲ್ಲಿ 1024 ಜನರಿಗೆ ಜಾಗವಿದೆ, ಅಷ್ಟು ಯಾರಿಗೂ ಬೇಕಾಗದು. ಐವತ್ತು ಅರವತ್ತು ಮಂದಿಯ ಸಂಘಕ್ಕೆ 'ಕಮ್ಯೂನಿಟಿ' (ಹಲವು ಗ್ರೂಪ್‌ಗಳನ್ನು ಒಂದೇ ಸೂರಿನಡಿ ತರುವ ವಾಟ್ಸಾಪ್ ಸೌಲಭ್ಯ) ಕಟ್ಟುವುದು ಅತಿಯಾಯಿತು, ಎರಡು ಗ್ರೂಪ್ ಸಾಕು. ಒಂದು ಸೂಚನೆಗೆ, ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ. ಇನ್ನೊಂದು ಮಾತುಕತೆಗೆ. ಗಾಯನವೃಂದ, ಪೂಜೆಯಲ್ಲಿ ಬೈಬಲ್ ವಾಚನ ಓದುವವರು, ರೋಗಿಗಳ ಮನೆಗೆ ಹೋಗುವವರು, ಕ್ರಿಕೆಟ್ ತಂಡ ಎಂದು ಬೇರೆ ಬೇರೆ ಗುಂಪುಗಳಿದ್ದರೆ ಆಗ ಕಮ್ಯೂನಿಟಿ ಸರಿ. ಅದರಲ್ಲೊಂದು ಒಳ್ಳೆಯ ಗುಣವಿದೆ: ಸೂಚನಾ ಗ್ರೂಪಿನಲ್ಲಿ ಸದಸ್ಯರ ನಂಬರ್ ಅಡ್ಮಿನ್‌ಗಳಿಗೆ ಮತ್ತು ಮೊದಲೇ ಸೇವ್ ಮಾಡಿಕೊಂಡವರಿಗೆ ಬಿಟ್ಟರೆ ಉಳಿದವರಿಗೆ ಕಾಣದು. ಹೆಣ್ಣುಮಕ್ಕಳು ಗ್ರೂಪ್ ಬಿಟ್ಟುಹೋಗಲು ಮುಖ್ಯ ಕಾರಣ ನಂಬರ್ ಹರಡುವುದೇ. ಮಾಮೂಲಿ ಗ್ರೂಪಿನಲ್ಲಿ ಈ ರಕ್ಷಣೆ ಇಲ್ಲ.

ಗ್ರೂಪ್ ಸಾಯುವ ಬಗೆ ಎಲ್ಲ ಕಡೆಯೂ ಒಂದೇ. ಬೆಳಿಗ್ಗೆ ಸಂತರ ಚಿತ್ರದ ಶುಭೋದಯ, ಮಧ್ಯಾಹ್ನ ಫಾರ್ವರ್ಡ್ ಆದ ಪ್ರಾರ್ಥನೆ, ರಾತ್ರಿ ಯಾರದೋ ಹುಟ್ಟುಹಬ್ಬಕ್ಕೆ ನಲವತ್ತು ಕೇಕು. ಎಲ್ಲರೂ ಮ್ಯೂಟ್ ಮಾಡುತ್ತಾರೆ, ಆಮೇಲೆ ಪಾಪನಿವೇದನೆಯ ಸಮಯ ಹಾಕಿದರೂ ಯಾರೂ ನೋಡುವುದಿಲ್ಲ. ಸೂಚನಾ ಗ್ರೂಪಿಗೆ ವಾರಕ್ಕೆ ಎರಡು ಸಂದೇಶ ಮೀರಬಾರದು: ಬುಧವಾರ ಒಂದು, ಶನಿವಾರ ಸಂಜೆ ಒಂದು. ಬಣ್ಣಬಣ್ಣದ ಪೋಸ್ಟರ್ ಬೇಡ. ನೆಟ್‌ವರ್ಕ್ ಸಣಕಲಾಗಿರುವ ಕಡೆ ಚಿತ್ರ ಇಳಿಯುವುದಿಲ್ಲ, ಅದರೊಳಗಿನ ದಿನಾಂಕವನ್ನು ಆಮೇಲೆ ಹುಡುಕಿದರೂ ಸಿಗುವುದಿಲ್ಲ. ನಾಲ್ಕು ಸಾಲಿನ ಅಕ್ಷರ ಸಾಕು:

"ಭಾನುವಾರ 8ರ ಪೂಜೆ ಮುಗಿದ ಮೇಲೆ ಯುವಸಂಘದ ಸಭೆ.
ಚರ್ಚ್ ಹಾಲ್, 9.15ರಿಂದ 10.30.
ಕ್ರಿಸ್ಮಸ್ ಗೋದಲಿಗೆ ಬಿದಿರು ತರುವವರು ಯಾರೆಂದು ಅಲ್ಲೇ ತೀರ್ಮಾನ.
ಚಹಾ ಇದೆ."

ಇದನ್ನು 7 ದಿನಕ್ಕೆ ಪಿನ್ ಮಾಡಿ. ಸಮಯ ತಪ್ಪಾಗಿದ್ದರೆ 15 ನಿಮಿಷದೊಳಗೆ ತಿದ್ದಬಹುದು. ಅದು ದಾಟಿದರೆ ಅಳಿಸಿ ಹೊಸದಾಗಿ ಹಾಕಿ. ಹಳೆಯದರ ಕೆಳಗೆ "ಸಾರಿ, 9.15 ಅಲ್ಲ 9.45" ಎಂದು ಸೇರಿಸಿದರೆ ಅರ್ಧ ಜನ ಮೇಲಿನದನ್ನಷ್ಟೇ ಓದಿರುತ್ತಾರೆ.

ಪೋಲ್ ಬಗ್ಗೆ ಎಚ್ಚರ ಬೇಕು. ಹನ್ನೆರಡು ಆಯ್ಕೆ ಕೊಡಬಹುದು, ಆದರೆ ಯಾರು ಯಾವುದಕ್ಕೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಇದರಿಂದ ಎರಡು ತೊಂದರೆ. ಅಧ್ಯಕ್ಷ, ಕಾರ್ಯದರ್ಶಿ ಆಯ್ಕೆಯನ್ನು ಇದರಲ್ಲಿ ಮಾಡುವಂತಿಲ್ಲ, ಚೀಟಿ ಹಾಕುವ ಪದ್ಧತಿಯೇ ಸರಿ. ಇನ್ನೊಂದು, "ಬರುತ್ತೇನೆ" ಎಂಬ ಲೆಕ್ಕ ಯಾವಾಗಲೂ ಉಬ್ಬಿರುತ್ತದೆ. ವಾಡೆಯ ಗುರ್ಕಾರರ (ಚರ್ಚಿನ ವಾರ್ಡಿನ ಮುಖಂಡರ) ಮಗ "ಬರುತ್ತೇನೆ" ಎಂದು ಒತ್ತಿದ ಮೇಲೆ "ಬರುವುದಿಲ್ಲ" ಎಂದು ಒತ್ತಲು ಯಾರಿಗೆ ಮನಸ್ಸಾದೀತು? ಆ ಲೆಕ್ಕ ನಂಬಿ ಅಕ್ಕಿ ನೆನೆಹಾಕಿದರೆ ಪುಲಾವ್ ಮಿಕ್ಕುತ್ತದೆ. "ಬರುತ್ತೀರಾ" ಎನ್ನುವ ಬದಲು "ಊಟ ಬೇಕು" ಎಂಬ ಒಂದೇ ಆಯ್ಕೆ ಇಡಿ, ಶುಕ್ರವಾರ ರಾತ್ರಿ 8ಕ್ಕೆ ಸ್ಕ್ರೀನ್‌ಶಾಟ್ ತೆಗೆದು ಅಡುಗೆಯವರಿಗೆ ಕಳಿಸಿ. ಆಮೇಲೆ ಬದಲಾಯಿಸಿದವರು ಬದಲಾಯಿಸಲಿ. ಪೋಲ್ ನಿಜವಾಗಿ ಕೆಲಸಕ್ಕೆ ಬರುವುದು ದಿನಾಂಕ ಗೊತ್ತುಮಾಡಲು. ಧರ್ಮಕ್ಷೇತ್ರ ಮಟ್ಟದ ವಿಶ್ವ ಯುವ ದಿನ 2021ರಿಂದ ಕ್ರಿಸ್ತರಾಜರ ಹಬ್ಬದಂದೇ, ಅಂದರೆ ನವೆಂಬರ್ ಕೊನೆಯ ಭಾಗದಲ್ಲಿ. ತೋಟದಲ್ಲಿ ಆಗ ಅರೇಬಿಕಾ ಕೊಯ್ಲು. ತಯಾರಿಯ ಸಭೆ ಬೆಳಿಗ್ಗೆಯೋ ಸಂಜೆಯೋ ಎಂದು ಕೊಯ್ಯಲು ಹೋಗುವವರನ್ನೇ ಕೇಳಬೇಕು, ಬೆಂಗಳೂರಿನಿಂದ ಉತ್ತರಿಸುವವರನ್ನಲ್ಲ. ಊರಲ್ಲಿ ಇಲ್ಲದವರೇ ಗ್ರೂಪಿನಲ್ಲಿ ಹೆಚ್ಚು ಮಾತಾಡುವುದು, ಪಾಪ, ಅವರಿಗೆ ಊರಿನ ನೆನಪು. ಅವರಿಗೊಂದು ಬೇರೆ ಗ್ರೂಪ್ ಮಾಡಿಕೊಡಿ, ಕ್ರಿಸ್ಮಸ್‌ಗೆ ಬಂದಾಗ ಯಾವ ಕೆಲಸ ಹೊರುತ್ತಾರೆ ಎಂದು ಅಲ್ಲಿ ಕೇಳಿ.

ಹೊಸಬರನ್ನು ಕರೆತರಲು 2 ಅಂಕ ಕೊಟ್ಟಿದ್ದು ಗ್ರೂಪಿಗಲ್ಲ, ಒಬ್ಬೊಬ್ಬರಿಗೇ ಕಳಿಸುವ ಸಂದೇಶಕ್ಕೆ. "ಎಲ್ಲ ಯುವಕರೂ ತಪ್ಪದೆ ಬನ್ನಿ" ಎಂದರೆ ಅದು ಯಾರಿಗೂ ಹೇಳಿದಂತಲ್ಲ. "ಅಕ್ಕಾ, ಮುಂದಿನ ಭಾನುವಾರ ಎರಡನೇ ವಾಚನ ನೀವು ಓದಬೇಕು. ಶುಕ್ರವಾರ 6ಕ್ಕೆ ಮೈಕ್ ಹಾಕಿ ಒಮ್ಮೆ ಓದಿ ನೋಡೋಣ, ಆಗುತ್ತಾ?" ಎಂದರೆ ಉತ್ತರ ಬರುತ್ತದೆ. ಕೆಲಸ ಸಣ್ಣದಿರಬೇಕು, ದಿನ ಗೊತ್ತಿರಬೇಕು, ಜೊತೆಗೆ ಯಾರಿರುತ್ತಾರೆ ಎಂದು ತಿಳಿದಿರಬೇಕು. ಕನ್ನಡ ಓದಲು ತಡವರಿಸುವ ತಮಿಳು, ಮಲಯಾಳಂ ಮನೆಯ ಹುಡುಗರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಅರ್ಧ ನಿಮಿಷ ದಾಟಿದರೆ ಕೇಳುವವರಿಲ್ಲ.

ಇಲ್ಲೊಂದು ಗೆರೆ ಇದೆ. 18 ತುಂಬದವರಿಗೆ ಹಿರಿಯರು ಒಬ್ಬೊಬ್ಬರಾಗಿ ಸಂದೇಶ ಕಳಿಸಬಾರದು. ಅಪ್ಪ ಅಮ್ಮನ ಫೋನಿಗೆ ಕಳಿಸಿ, ಇಲ್ಲವೇ ಅವರನ್ನೂ ಸೇರಿಸಿ ಗ್ರೂಪ್ ಮಾಡಿ. ವಾಟ್ಸಾಪ್ 13ರಿಂದ ಖಾತೆ ಕೊಡುತ್ತದೆ, ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಗೆ 18 ತುಂಬುವವರೆಗೂ ಮಗುವೇ. ಸಂಘದ ಸದಸ್ಯತ್ವ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ತೆರೆದಿದ್ದರೆ ಅರ್ಧ ಗ್ರೂಪ್ ಈ ವಯಸ್ಸಿನದೇ. ಮಕ್ಕಳ ಫೋಟೊವನ್ನು ಸ್ಟೇಟಸ್‌ಗೆ ಹಾಕುವ ಮೊದಲು ಮನೆಯವರ ಒಪ್ಪಿಗೆ ಬರಹದಲ್ಲಿರಲಿ.

ನಿಜಕ್ಕೂ ಮೆಚ್ಚಬೇಕಾದ ಸೌಲಭ್ಯವೊಂದಿದೆ: ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ಸ್‌ಗೆ ಲೈವ್ ಲೊಕೇಶನ್. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಅವಧಿ ಕೊಡುತ್ತದೆ, ಮೂರನೆಯದನ್ನು ಒತ್ತಿ. ಜೀಪಿನಲ್ಲಿರುವ ಒಬ್ಬರ ಫೋನ್ ಸಾಕು, ಪವರ್ ಬ್ಯಾಂಕ್ ಮರೆಯಬೇಡಿ. ಮಕ್ಕಳನ್ನು ಎಬ್ಬಿಸಿಟ್ಟುಕೊಂಡು, ಕಾಫಿ ಕಾಯಿಸಿಟ್ಟು ಕಾಯುವ ಮನೆಗಳಿಗೆ ತಂಡ ಎಲ್ಲಿದೆ ಎಂದು ಕಾಣುತ್ತದೆ, "ಎಲ್ಲಿದ್ದೀರಿ" ಎಂಬ ಕರೆಗಳು ನಿಲ್ಲುತ್ತವೆ. ಆದರೆ ತೋಟದ ಒಳರಸ್ತೆಗೆ ಇಳಿದೊಡನೆ ಸಿಗ್ನಲ್ ಹೋಗಿ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ. ಮನೆಯವರು ತಂಡ ಇನ್ನೂ ಮುಖ್ಯರಸ್ತೆಯಲ್ಲೇ ಇದೆ ಎಂದುಕೊಂಡು ದೀಪ ಆರಿಸಿ ಮಲಗುತ್ತಾರೆ. ಕೊನೆಯ ಸಿಗ್ನಲ್ ಇರುವ ತಿರುವಿನಲ್ಲಿ ಮುಂದಿನ ಮೂರು ಮನೆಗೆ ಫೋನ್ ಮಾಡಿಯೇ ಇಳಿಯಬೇಕು. ಹಾಡಿನ ಹಾಳೆಯನ್ನು ಪಿಡಿಎಫ್ ಮಾಡಿ ಮನೆಯಲ್ಲೇ ಇಳಿಸಿಕೊಂಡಿರಲಿ.

ಇನ್ನು ಸೊನ್ನೆಯ ಮಾತು. ದಿನದ ಶುಭಸಂದೇಶ (ಬೈಬಲಿನ ಸುವಾರ್ತೆಯ ಭಾಗ) ಫಾರ್ವರ್ಡ್ ಮಾಡಿದರೆ ನಂಬಿಕೆಯ ತರಬೇತಿ ಆಯಿತು ಎಂದುಕೊಳ್ಳುವುದು ಸೋಮಾರಿತನ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ದುಡಿಯುವ ಯುವಕರಿಗೆ ಹೇಳಿಕೊಟ್ಟ ನೋಡು, ತೂಗು, ಮಾಡು ಎಂಬ ಕ್ರಮ ಇಂದಿಗೂ ಹಳತಾಗಿಲ್ಲ, ಅದಕ್ಕೆ ಎದುರುಬದುರು ಕೂರಲೇಬೇಕು. ಉದಾಹರಣೆಗೆ, ವಿಷಯ: ಕೊಯ್ಲಿನ ತಿಂಗಳಲ್ಲಿ ಲೈನ್ ಮನೆಯ ಮಕ್ಕಳು ಧರ್ಮೋಪದೇಶಕ್ಕೆ ಬರುತ್ತಿಲ್ಲ. ಮೊದಲ 20 ನಿಮಿಷ ಯಾವ ಲೈನು, ಎಷ್ಟು ಮಕ್ಕಳು, ಏನು ಅಡ್ಡಿ ಎಂದು ಕೇಳಿ. ಮುಂದಿನ 25 ನಿಮಿಷ ಒಂದು ಶುಭಸಂದೇಶ ಭಾಗ ಓದಿ ಚರ್ಚೆ. ಕೊನೆಯ 15 ನಿಮಿಷದಲ್ಲಿ ಒಂದೇ ಒಂದು ತೀರ್ಮಾನ. ಎಡವುವುದು ಸಾಮಾನ್ಯವಾಗಿ ಮೊದಲ ಭಾಗದಲ್ಲೇ: ಫಾದರ್ ಅಥವಾ ಅಧ್ಯಕ್ಷರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಸಭೆ ಮುಗಿದ ಮೇಲೆ ವಾಟ್ಸಾಪ್ ಬರಲಿ, ಒಂದು ಸಾಲಿನಲ್ಲಿ: ಯಾರು, ಯಾವ ಲೈನಿಗೆ, ಭಾನುವಾರ ಎಷ್ಟು ಗಂಟೆಗೆ.

ಫೋನ್ ಇಲ್ಲದವರನ್ನು, ಮನೆಗೊಂದೇ ಫೋನಿದ್ದು ಅದು ಅಪ್ಪನ ಜೇಬಿನಲ್ಲಿರುವವರನ್ನು ಮರೆತರೆ ಸಂಘ ಪೇಟೆ ಹುಡುಗರದಾಗಿಬಿಡುತ್ತದೆ. ಅದೇ ನಾಲ್ಕು ಸಾಲನ್ನು ಚರ್ಚಿನ ಬಾಗಿಲ ಫಲಕಕ್ಕೆ ಅಂಟಿಸಿ, ಪೂಜೆಯ ಕೊನೆಯ ಆಶೀರ್ವಾದಕ್ಕೆ ಮೊದಲು ಓದಿಸಿ.

ಹಣ ವಸೂಲಿಗೆ ಗ್ರೂಪಿನಲ್ಲಿ ಯಾರದೋ ಸ್ವಂತ ಯುಪಿಐ ನಂಬರ್ ಹಾಕಬೇಡಿ, ಧರ್ಮಕೇಂದ್ರದ ಖಾತೆ ಮತ್ತು ರಸೀದಿ ಪುಸ್ತಕ ಇದೆ. ಅಡ್ಮಿನ್‌ಗಳು ಕನಿಷ್ಠ ಮೂವರಿರಲಿ: ಫಾದರ್, ಅಧ್ಯಕ್ಷರು, ಕಾರ್ಯದರ್ಶಿ. ಪದಾಧಿಕಾರಿಗಳು ಬದಲಾದ ದಿನವೇ ಹೊಸಬರನ್ನು ಅಡ್ಮಿನ್ ಮಾಡಿ, ಹಳಬರನ್ನು ಇಳಿಸಿ, ಸೇರುವ ಲಿಂಕನ್ನು ರೀಸೆಟ್ ಮಾಡಿ. ಮದುವೆಯಾಗಿ ಬೇರೆ ಊರು ಸೇರಿದ ಮಾಜಿ ಅಧ್ಯಕ್ಷರೊಬ್ಬರೇ ಅಡ್ಮಿನ್ ಆಗಿ ಉಳಿದಿದ್ದರೆ ಮೊದಲು ಅವರಿಗೆ ಫೋನ್ ಮಾಡಿ ಕೇಳಿ. ಸಿಗದಿದ್ದರೆ ಆ ಗ್ರೂಪನ್ನು ಅಲ್ಲೇ ಬಿಟ್ಟು ಹೊಸದು ಮಾಡುವುದೇ ದಾರಿ.