ಕಾರಿನಲ್ಲಿ ರಾತ್ರಿ ಮಲಗುವವರಿಗೆ ಗಾಳಿ: ಜಾಲರಿ, ಫ್ಯಾನ್, ಏಸಿ

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದವರು, ಆಸ್ಪತ್ರೆಗೆ ಸೇರಿಸಿದವರ ಜೊತೆ ಮಂಡ್ಯಕ್ಕೋ ಮೈಸೂರಿಗೋ ಬಂದವರು ಕಾರಿನಲ್ಲೇ ರಾತ್ರಿ ಕಳೆಯುವುದು ನಮ್ಮ ಕಡೆ ಸಾಮಾನ್ಯ. ಅಂಥ ರಾತ್ರಿಗಳಲ್ಲಿ ಗಾಜು ಇಳಿಸಿ ಜಾಲರಿ ಹಾಕುವುದು, ಅದರ ಜೊತೆಗೆ ಸಣ್ಣ ಫ್ಯಾನ್ ಇಡುವುದು, ಎಂಜಿನ್ ಚಾಲೂ ಇಟ್ಟು ಏಸಿ ಹಾಕುವುದು, ಈ ಮೂರನ್ನೂ ನಾನು ಪರೀಕ್ಷಿಸಿದ್ದೇನೆ. ಏಸಿಯನ್ನು ಮಾತ್ರ ಎಚ್ಚರವಾಗಿದ್ದಾಗ ನೋಡಿದ್ದೇನೆಯೇ ಹೊರತು ಅದನ್ನು ನಂಬಿ ಕಣ್ಣು ಮುಚ್ಚಿಲ್ಲ.

ಮುಚ್ಚಿದ ಕಾರಿನಲ್ಲಿ ಆಮ್ಲಜನಕ ಮುಗಿಯುವುದಕ್ಕೆ ಬಹಳ ಮುಂಚೆಯೇ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ನಿದ್ದೆಯಲ್ಲಿರುವ ವಯಸ್ಕರೊಬ್ಬರು ಗಂಟೆಗೆ ಸುಮಾರು 12 ಲೀಟರ್ ಹೊರಬಿಡುತ್ತಾರೆ. ಕಾರಿನೊಳಗೆ 3,000 ಲೀಟರ್ ಗಾಳಿಯಿದೆ, ಎಲ್ಲಿಯೂ ಸೋರಿಕೆಯಿಲ್ಲ ಎಂದಿಟ್ಟುಕೊಂಡರೆ, ಇಬ್ಬರು ಮಲಗಿದ ಒಂದೇ ಗಂಟೆಯಲ್ಲಿ ಅದರ ಪ್ರಮಾಣ ಹೊರಗಿನ ಗಾಳಿಯಲ್ಲಿರುವುದರ ಸುಮಾರು 20 ಪಟ್ಟು ಆಗುತ್ತದೆ. ಬಾಗಿಲ ಸಂದುಗಳಿಂದ ಸ್ವಲ್ಪ ಗಾಳಿ ಆಡುವುದರಿಂದ ವಾಸ್ತವದಲ್ಲಿ ಇಷ್ಟು ಏರಲಿಕ್ಕಿಲ್ಲ. ಆದರೂ ಬೆಳಗ್ಗೆ ತಲೆ ಭಾರವಾಗಿ ಏಳಲು ಅಷ್ಟು ಸಾಕು.

ಜಾಲರಿಯಲ್ಲಿ ಬಾಗಿಲಿಗೆ ಮೇಲಿನಿಂದ ದಿಂಬಿನ ಕವರಿನ ಹಾಗೆ ತೊಡಿಸುವ ಬಗೆಯೇ ಒಳ್ಳೆಯದು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಭತ್ತದ ಗದ್ದೆಗೆ ನೀರು ನಿಂತಿರುವಾಗ ಜಾಲರಿಯಿಲ್ಲದೆ ಗಾಜು ಇಳಿಸಿದರೆ ಸೊಳ್ಳೆಗಳು ಮಲಗಗೊಡುವುದಿಲ್ಲ. ಆದರೆ ಜಾಲರಿಯ ಕಣ್ಣು ಸಣ್ಣದಾದಷ್ಟೂ ಗಾಳಿ ತಡೆಯುತ್ತದೆ. ಬರಿಯ ಗಾಜನ್ನು ಎರಡು ಬೆರಳು ಇಳಿಸುವ ಕಡೆ ಜಾಲರಿಯಿದ್ದಾಗ ಒಂದು ಗೇಣು ಇಳಿಸಬೇಕಾಗುತ್ತದೆ. ಒಂದೇ ಕಿಟಕಿ ತೆರೆದು ಮಲಗಿದ ಚಳಿಗಾಲದ ಬೆಳಗಿನಲ್ಲಿ ಮುಂದಿನ ಗಾಜಿನ ಒಳಮೈ ಪೂರ್ತಿ ಮಂಜಾಗಿ, ಅಂಚಿನಿಂದ ಹನಿಗಳು ಡ್ಯಾಶ್‌ಬೋರ್ಡಿಗೆ ಇಳಿದಿದ್ದವು. ಮುಂದಿನ ಎಡ ಕಿಟಕಿ ಮತ್ತು ಹಿಂದಿನ ಬಲ ಕಿಟಕಿಯನ್ನು ಓರೆಗೆ ತೆರೆದಾಗ ಅಷ್ಟೇ ಚಳಿಯಲ್ಲೂ ಗಾಜಿನ ಮೂಲೆಗಳಲ್ಲಷ್ಟೇ ತೇವವಿತ್ತು. ಉಸಿರಿನ ತೇವ ಹೊರಹೋಗುತ್ತಿದೆಯೆಂದರೆ ಉಳಿದದ್ದೂ ಹೋಗುತ್ತಿದೆ ಎಂದರ್ಥ. ಆದ್ದರಿಂದ ಎದ್ದ ಕೂಡಲೇ ಗಾಜು ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಗಾಳಿಯೇ ಬೀಸದ ಏಪ್ರಿಲ್ ರಾತ್ರಿಗಳಲ್ಲಿ ಈ ಏರ್ಪಾಡು ಸೋಲುತ್ತದೆ, ಆಗ ಫ್ಯಾನ್ ಬೇಕು. ಮುಖಕ್ಕೆ ತಿರುಗಿಸಿದ ಫ್ಯಾನ್ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಅದೇ ಫ್ಯಾನನ್ನು ಒಂದು ಕಿಟಕಿಯ ಜಾಲರಿಗೆ ಒರಗಿಸಿ ಹೊರಮುಖ ಮಾಡಿದರೆ ಒಳಗಿನ ಬಿಸಿಗಾಳಿ ಹೊರಬೀಳುತ್ತದೆ, ಎದುರು ಮೂಲೆಯ ಕಿಟಕಿಯಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ. ಮೈಗೆ ತಂಪು ತಕ್ಷಣ ತಗಲುವುದಿಲ್ಲವಾದ್ದರಿಂದ ಮೊದಲು ನಿರಾಸೆಯಾಗಬಹುದು, ಆದರೆ ನಿದ್ದೆ ಮಾತ್ರ ಖಂಡಿತ ಚೆನ್ನಾಗಿ ಬರುತ್ತದೆ. 5 ವಾಟಿನ ಫ್ಯಾನಿಗೆ 10,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು ಆರು ಗಂಟೆ ಬರುತ್ತದೆ. ಎಂಜಿನ್ ಆರಿಸಿ ಕಾರಿನ ಬ್ಲೋವರನ್ನೇ ಓಡಿಸುವುದು ಬೇಡ. ಸಣ್ಣ ಕಾರಿನ 35 ಎಎಚ್ ಬ್ಯಾಟರಿ ಬೆಳಗಿನೊಳಗೆ ಇಳಿದುಹೋಗಬಹುದು.

ಸುಖದಲ್ಲಿ ಏಸಿಯನ್ನು ಇವೆರಡೂ ಸರಿಗಟ್ಟಲಾರವು, ಆದರೂ ನಾನು ಅದನ್ನು ಪೂರ್ತಿ ಕೈಬಿಟ್ಟಿದ್ದೇನೆ. ರೀಸರ್ಕ್ಯುಲೇಶನ್‌ನಲ್ಲಿಟ್ಟರೆ ಒಳಗಿನ ಗಾಳಿಯೇ ತಣ್ಣಗಾಗಿ ಮರಳಿ ಬರುತ್ತದೆ. ಹೊರಗಿನ ಗಾಳಿ ಎಳೆಯುವಂತೆ ಇಟ್ಟರೆ ಹೊಗೆಕೊಳವೆಯ ಗಾಳಿಯೂ ಅದರ ಜೊತೆ ಬರಬಹುದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುವುದರಿಂದ, ನಿದ್ದೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾಯಬಹುದು. ಸೈಲೆನ್ಸರಿನ ಜೋಡಣೆ ತೂತಾಗಿದ್ದರೆ, ಅಥವಾ ಕಾರಿನ ಹಿಂಭಾಗ ಗೋಡೆಗೋ ಕಬ್ಬಿನ ಗದ್ದೆಯ ಬದುವಿಗೋ ಒತ್ತಿ ನಿಂತಿದ್ದರೆ ಅಪಾಯ ಹೆಚ್ಚುತ್ತದೆ. ಗಾಜು ಸ್ವಲ್ಪ ಇಳಿಸಿಕೊಂಡರೆ ಸಾಕೆನ್ನುವವರಿದ್ದಾರೆ. ಹೊರಗಿನ ಹೊಗೆ ಅದೇ ಸಂದಿಯಿಂದ ಒಳಬರುತ್ತದೆ ಎಂಬುದನ್ನು ಅವರು ಯೋಚಿಸಬೇಕು.

ಇದೇ ಕಾರಣಕ್ಕೆ ಆಲೆಮನೆಗಳ ಹತ್ತಿರ ನಿಲ್ಲಿಸುವಾಗಲೂ ಗಾಳಿ ಬೀಸುವ ದಿಕ್ಕು ನೋಡಬೇಕು. ಒಣ ಕಬ್ಬಿನ ಸಿಪ್ಪೆ ಉರಿಯುವ ಒಲೆಯ ಹೊಗೆ ಚಳಿಯ ರಾತ್ರಿ ಮೇಲೇರದೆ ನೆಲದಲ್ಲೇ ಹರಡುತ್ತದೆ, ಆಗ ಜಾಲರಿಯೂ ಫ್ಯಾನೂ ಆ ಹೊಗೆಯನ್ನೇ ಒಳಗೆ ತರುತ್ತವೆ. ಅಲ್ಲಿಂದ ದೂರ ಸರಿದು ನಿಲ್ಲಿಸುವುದೊಂದೇ ದಾರಿ.